ಒಂದೇ ಒಂದು ಹನಿ

ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಪಿಕಪ್ಪಿನ ಕೆಳಗೆ ದಿನಾ ಬೆಳಿಗ್ಗೆ ರೂಪಾಯಿಯಗಲದ ಎಣ್ಣೆ ಕಲೆ. ‘ಒಂದು ಹನಿ ತಾನೇ, ಮೊದಲು ನಿನ್ನ ಫೀಸು ಕಟ್ಟೋಣ’ ಎಂದರು ಅಪ್ಪ.

ಡಿಪ್ಲೊಮಾ ಓದುವ ಮಗ ಸುಮ್ಮನಿರಲಿಲ್ಲ. ರಾತ್ರಿ ಗಾಡಿಯಡಿ ರಟ್ಟು ಹಾಸಿದ. ಹನಿ ಬಿದ್ದದ್ದು ಗೇರ್‌ಬಾಕ್ಸಿನ ಹಿಂಬದಿ, ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿ. ಲೆವೆಲ್ ಪ್ಲಗ್ಗು ಬಿಚ್ಚಿ ಬೆರಳಿಟ್ಟ. ತೂತಿನ ಅಂಚಿಗೇ ಇರಬೇಕಾದ ಎಣ್ಣೆ ಬೆರಳಿಗೂ ಎಟುಕಲಿಲ್ಲ! ಹೀಗೇ ಓಡಿಸಿದ್ದರೆ ಬೇರಿಂಗು, ಗೇರುಗಳೇ ಸವೆದುಹೋಗುತ್ತಿದ್ದವು.

ಕಾವಿಗೆ ಗಡುಸಾಗಿದ್ದ ರಬ್ಬರ್ ಸೀಲನ್ನು ಮೆಕ್ಯಾನಿಕ್ ಬದಲಿಸಿದ. ಮಣ್ಣು ಮೆತ್ತಿದ್ದ ಬ್ರೀದರನ್ನೂ ತೋರಿಸಿದ: ‘ಇದು ಕಟ್ಟಿಕೊಂಡರೆ ಒಳಗಿನ ಒತ್ತಡ ಹೊಸ ಸೀಲಿನಿಂದಲೂ ಎಣ್ಣೆ ನೂಕುತ್ತೆ.’

ಮರುದಿನ ರಟ್ಟಿನ ಮೇಲೆ ಹೊಸ ಕಲೆಯಿರಲಿಲ್ಲ. ಅಪ್ಪ ನಕ್ಕರು: ‘ನಿನ್ನ ಫೀಸು ಈಗಲೇ ವಸೂಲಾಯ್ತು ಕಣಪ್ಪ.’