ಕಾಗದ ಹೋಯ್ತು, ಫೈಲು ಎಲ್ಲಿ?

ನಮ್ಮ ಆಫೀಸು ಪೇಪರ್‌ಲೆಸ್ ಆಗ್ತಾ ಇದೆ. ಬೀರುಗಳಲ್ಲಿದ್ದ ಫೈಲುಗಳೆಲ್ಲ ಸ್ಕ್ಯಾನ್ ಆಗಿ ಕ್ಲೌಡಿಗೆ ಹೋಗ್ತಿವೆ. ಆದ್ರೆ ಸ್ಕ್ಯಾನ್ ಅಂದ್ರೆ ಬರೀ ಚಿತ್ರ ತಾನೇ? ಹೆಸರು, ತಾರೀಖು, ವಿಷಯ ಅಂತ ಜೊತೆಗೆ ಬರೆದಿಡದಿದ್ರೆ ಬೇಕಾದಾಗ ಸಿಗೋದು ಕಷ್ಟ. ಹಳೇ ನುಡಿ ಫಾಂಟಿನ ಪತ್ರಗಳ ಗೋಳು ನಿಮಗೆ ಗೊತ್ತೇ ಇದೆ. ಯೂನಿಕೋಡಿಗೆ ಬದಲಾಯಿಸದೆ ಏರಿಸಿದ್ರೆ ಕನ್ನಡದ ಪದ ಹಾಕಿ ಹುಡುಕೋ ಹಾಗೇ ಇಲ್ಲ.

2013ರ ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕಗಳನ್ನ ಕನಿಷ್ಠ 8 ವರ್ಷ ಇಡಬೇಕು. ಇಟ್ಟರೆ ಸಾಕೇ, ಕೇಳಿದಾಗ ತೆಗೆದು ಕೊಡೋದು ಬೇಡವೇ?

ರೆಕಾರ್ಡ್ ರೂಮಿನ ಹಿರಿಯರೊಬ್ಬರು ಮುಂದಿನ ತಿಂಗಳು ರಿಟೈರ್ ಆಗ್ತಾರೆ. ಯಾವ ಕರಾರು ಯಾವ ಬೀರುವಿನಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತಾರೆ. ಸದ್ಯಕ್ಕೆ ಸ್ಕ್ಯಾನಿಂಗ್ ಬದಿಗಿಟ್ಟು ಅವರ ಪಕ್ಕ ಕೂತು ಪಟ್ಟಿ ಬರ್ಕೊಳ್ತಿದೀನಿ. ಅವರ ನೆನಪಿಗೆ ಬ್ಯಾಕಪ್ ಇಲ್ವಲ್ಲ!