ಗಾಳಿ ಕೊಟ್ಟ ಸ್ವರ

ಮಾತನ್ನೇ ಸೇವೆಯ ಸಾಧನವಾಗಿಸಿಕೊಂಡ ನನ್ನಂಥವನಿಗೆ ಮಾತಿನ ಮಿತಿ ಆಗಾಗ ಮನದಟ್ಟಾಗುತ್ತಿರುತ್ತದೆ. ಸಾವಿನ ಮನೆಯ ಹೊಸ್ತಿಲು ದಾಟುವಾಗ, ವರ್ಷಗಳ ಅಧ್ಯಯನದಿಂದ ಕೂಡಿಸಿಟ್ಟ ಮಾತುಗಳೂ ಹಿಂದೆ ಸರಿದು ನಿಲ್ಲುತ್ತವೆ. ಆಗ ನೆರವಿಗೆ ಬರುವುದು ಮೌನ, ಇಲ್ಲವೇ ಯಾರೋ ಮೆಲ್ಲನೆ ಎತ್ತಿಕೊಳ್ಳುವ ಒಂದು ಹಾಡು. ಮಾತಿಗೂ ರಾಗಕ್ಕೂ ಇರುವ ಈ ನಂಟನ್ನು ನನಗೆ ಹೊಸದಾಗಿ ತಿಳಿಸಿಕೊಟ್ಟದ್ದು ಐರ್ಲೆಂಡಿನ ಒಂದು ಧ್ವನಿಮುದ್ರಿಕೆ.

2003ರಲ್ಲಿ ಹೊರಬಂದ ಅದರ ಹೆಸರು ‘ದಿ ಪೊಯೆಟ್ ಅಂಡ್ ದಿ ಪೈಪರ್’. ಕವಿ, 1995ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಶೇಮಸ್ ಹೀನಿ. ಡೆರ್ರಿ ಸೀಮೆಯ ಕಥೋಲಿಕ ರೈತ ಕುಟುಂಬದ ಮಗ. ವಾದಕ, ಲಿಯಮ್ ಓಫ್ಲಿನ್. ಒಬ್ಬರು ಕವಿತೆ ಓದುತ್ತಾರೆ, ಇನ್ನೊಬ್ಬರು ನಾಡಿನ ಹಳೆಯ ರಾಗಗಳನ್ನು ನುಡಿಸುತ್ತಾರೆ.

ಓಫ್ಲಿನ್ ನುಡಿಸುವ ಇಲಿನ್ ಪೈಪ್ ಎಂಬ ವಾದ್ಯವನ್ನು ಬಾಯಿಂದ ಊದುವುದಿಲ್ಲ. ‘ಇಲಿನ್’ ಎಂದರೆ ಐರಿಷ್ ಭಾಷೆಯಲ್ಲಿ ಮೊಣಕೈಯದು ಎಂದರ್ಥ. ಒಂದು ಮೊಣಕೈಯಿಂದ ಪುಟ್ಟ ತಿದಿಯನ್ನೊತ್ತಿ ಚೀಲಕ್ಕೆ ಗಾಳಿ ತುಂಬಬೇಕು. ಇನ್ನೊಂದು ತೋಳಿನಿಂದ ಆ ಚೀಲವನ್ನು ಅಮುಕಬೇಕು. ಒಂದು ಕೊಳವೆ ರಾಗ ನುಡಿಯುವಾಗ, ಬೇರೆ ಕೊಳವೆಗಳು ಶ್ರುತಿಯಂತೆ ಎಡೆಬಿಡದೆ ಮೊಳಗುತ್ತವೆ. ಅಲ್ಲಿಯ ವಿಳಂಬಗತಿಯ ರಾಗಗಳಲ್ಲಿ ಅನೇಕವು ಮೂಲತಃ ಹಾಡುಗಳು. ಅವನ್ನು ನುಡಿಸುವವನಿಗೆ ಹಾಡಿನ ಸಾಹಿತ್ಯ ತಿಳಿದಿರಬೇಕೆಂಬುದು ಹಿರಿಯರ ಅಪೇಕ್ಷೆ. ಮಾತು ಬಾಯಿಂದ ಬರುವುದಿಲ್ಲ. ಆದರೂ ರಾಗದ ಏರಿಳಿತದೊಳಗೆ ಅದು ಉಸಿರಾಡುತ್ತಿರುತ್ತದೆ.

ಈ ಧ್ವನಿಮುದ್ರಿಕೆಯಲ್ಲಿ ನನ್ನನ್ನು ಬಹುವಾಗಿ ಕಾಡುವುದು ‘ದಿ ಗಿವನ್ ನೋಟ್’ ಎಂಬ ಕವಿತೆ, ಮತ್ತು ಅದರೊಂದಿಗೆ ಬರುವ ‘ಪೋರ್ಟ್ ನಾ ಬೂಕಿ’ ಎಂಬ ರಾಗ. ಹೆಸರಿನ ಅರ್ಥ, ‘ಅಗೋಚರ ಜೀವಿಗಳ ರಾಗ’. ಕೆರ್ರಿ ತೀರದಾಚೆಯ ಬ್ಲಾಸ್ಕೆಟ್ ದ್ವೀಪಸಮೂಹದಲ್ಲಿ, ರಾತ್ರಿಯ ಗಾಳಿಯಿಂದ ಒಬ್ಬನಿಗೆ ಈ ರಾಗ ದೊರೆಯಿತೆಂಬುದು ಪ್ರತೀತಿ. ಅದು ಗಾಳಿಯ ಸದ್ದೋ, ದೋಣಿಯ ತಳಕ್ಕೆ ತಾಗಿ ಕೇಳಿದ ತಿಮಿಂಗಿಲದ ದನಿಯೋ ಎಂದು ತರ್ಕಿಸುವವರಿದ್ದಾರೆ. ಹೀನಿಯವರಿಗೆ ಆ ತರ್ಕ ಮುಖ್ಯವಲ್ಲ. ಇತರರಿಗೆ ಚೂರುಚೂರಾಗಿ ಕೇಳಿದ್ದು, ಏಕಾಂತದಲ್ಲಿ ಕಿವಿಗೊಟ್ಟವನಿಗೆ ಇಡಿಯಾಗಿ ದಕ್ಕಿತು. ಆ ರಾಗ ಅವನು ಗಳಿಸಿದ್ದಲ್ಲ, ಅವನಿಗೆ ಕೊಡಲ್ಪಟ್ಟದ್ದು. ನಾವು ಇದನ್ನು ಕೃಪೆ ಎನ್ನುತ್ತೇವೆ.

ಕೊಡಲ್ಪಟ್ಟದ್ದು ಒಬ್ಬನಲ್ಲೇ ನಿಂತುಬಿಟ್ಟರೆ ಅಳಿದುಹೋಗುತ್ತದೆ. ಬ್ಲಾಸ್ಕೆಟ್‌ನ ದೊಡ್ಡ ದ್ವೀಪವನ್ನು 1953ರಲ್ಲಿ ಸರ್ಕಾರ ತೆರವುಗೊಳಿಸಿತು, ಮನೆಗಳು ಪಾಳುಬಿದ್ದವು. ಆದರೆ ರಾಗ ಕಿವಿಯಿಂದ ಕಿವಿಗೆ ದಾಟಿ ಉಳಿಯಿತು. ಹಾಗೆಯೇ, 1982ರಲ್ಲಿ ತೀರಿಕೊಂಡ ಹಿರಿಯ ವಾದಕ ಶೇಮಸ್ ಎನಿಸ್ ತಮ್ಮ ವಾದ್ಯವನ್ನು ಓಫ್ಲಿನ್ ಅವರಿಗೇ ಬಿಟ್ಟುಹೋದರು.

2013ರ ಆಗಸ್ಟ್ 30ರಂದು ಹೀನಿ ನಿಧನರಾದರು. ಡಬ್ಲಿನ್ನಿನ ಡಾನಿಬ್ರೂಕ್‌ನಲ್ಲಿರುವ ಪವಿತ್ರ ಹೃದಯ ದೇವಾಲಯದಲ್ಲಿ ನಡೆದ ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಓಫ್ಲಿನ್ ಪೈಪ್ ನುಡಿಸಿದರು. ಎಷ್ಟೋ ವೇದಿಕೆಗಳಲ್ಲಿ ಗೆಳೆಯನ ಮಾತಿಗೆ ಜೊತೆಯಾಗಿದ್ದ ವಾದ್ಯ ಅಂದು ಒಂಟಿಯಾಗಿ ನುಡಿಯಿತು. ಆ ಗೆಳೆತನವನ್ನು ಬಲ್ಲವರಿಗೆ ಅದಕ್ಕಿಂತ ಮಿಗಿಲಾದ ಪ್ರಬೋಧನೆ ಬೇಕಿತ್ತೇ? 2017ರಲ್ಲಿ ಯುನೆಸ್ಕೊ ಈ ವಾದನಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷ ಓಫ್ಲಿನ್ ಕೂಡ ತೀರಿಕೊಂಡರು.

ಪ್ರಿಯ ಓದುಗರೇ, ಈ ಕವಿತೆಗಳ ಭಾಷೆ ಕಷ್ಟವೆನಿಸಬಹುದು. ಆದರೂ ಒಂದು ಸಂಜೆ ಮನೆಯವರೆಲ್ಲ ಬೇರೆ ಕೆಲಸವಿಲ್ಲದೆ ಕುಳಿತು ಕೇಳಿರಿ. ಕವಿ ಓದುವಾಗ ವಾದಕ ಕಾಯುತ್ತಾನೆ, ವಾದಕ ನುಡಿಸುವಾಗ ಕವಿ ಕಾಯುತ್ತಾನೆ. ಒಬ್ಬರಿಗೊಬ್ಬರು ಹೀಗೆ ಕಿವಿಗೊಡುವ ಮನೆಯಲ್ಲಿ, ಹಿರಿಯರಿಗೆ ದೊರೆತದ್ದು ಕಿರಿಯರನ್ನು ಬಂದು ಸೇರುತ್ತದೆ.