ಕಬ್ಬು ಕಡಿದ ಮೇಲೆ ಮರೆ ಯಾವುದು?

ಪುಣೆ-ಬೆಂಗಳೂರು ಹೆದ್ದಾರಿಯ ಹತ್ತರಗಿ ಟೋಲ್ ಸುತ್ತಮುತ್ತ ಕಬ್ಬಿನ ನಡುವಿರುವ ತೋಟದ ಮನೆಗಳು ದೀಪಾವಳಿಯ ಹೊತ್ತಿಗೆ ಹೊರಗಿನವರ ಕಣ್ಣಿಗೆ ಬೀಳುವುದೇ ಕಷ್ಟ. ಹುಲ್ಲಿನ ಕುಟುಂಬಕ್ಕೇ ಸೇರಿದ ಕಬ್ಬು ಆಗ ಆಳೆತ್ತರ ಮೀರಿರುತ್ತದೆ. ಕಾರ್ಖಾನೆ ಸುರುವಾಗಿ ಗ್ಯಾಂಗಿನವರು ಕಡಿದು ಹೋದರೆ ಬಚ್ಚಲು, ಒಣಹಾಕಿದ ಬಟ್ಟೆ, ಎಲ್ಲವೂ ಬಯಲು. ಉಳಿಯುವುದು ರವದಿ ಮಾತ್ರ.

ಮೇವಿನ ನೇಪಿಯರ್ ಹುಲ್ಲನ್ನೂ ನಂಬುವಂತಿಲ್ಲ. ಸುಮಾರು ಎರಡು ತಿಂಗಳಿಗೊಮ್ಮೆ ಅದಕ್ಕೆ ಕುಡುಗೋಲು ಬೀಳುತ್ತದೆ. ಮನೆಯ ಮರೆಯ ಚಿಂತೆ ಎಮ್ಮೆಗೆಲ್ಲಿ?

ಬೆಳ್ಳನೆಯ ತೆನೆಯ ಪಂಪಾಸ್ ಹುಲ್ಲು ಫೋಟೊದಲ್ಲಿ ಚೆಂದ. ದಕ್ಷಿಣ ಅಮೆರಿಕ ಮೂಲದ ಇದರ ಎಲೆಯಂಚು ಕೈ ಕೊಯ್ಯುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್‌ಗಳಲ್ಲಿ ಕಳೆಯಾಗಿ ಕಾಡುತ್ತಿದೆ.

ಒಳ್ಳೆಯ ಆಯ್ಕೆ ನಮ್ಮ ರಾಜ್ಯದಲ್ಲೇ ಇದೆ: ಲಾವಂಚ. ಗುಂಡ್ಲುಪೇಟೆ ಭಾಗದ ರೈತರು ಹೊಲದ ಗಡಿಗೆ ಇದನ್ನು ತಲೆತಲಾಂತರದಿಂದ ನೆಟ್ಟವರು. 1980ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಗೆ ಇದೇ ಹುಲ್ಲನ್ನು ಪ್ರಚಾರ ಮಾಡಿದ ವಿಶ್ವಬ್ಯಾಂಕಿನ ತಜ್ಞರಿಗೆ ಆ ಬೇಲಿಗಳೇ ಸಾಕ್ಷಿಯಾದವು. ಒಂದೂವರೆ-ಎರಡು ಮೀಟರ್ ಎತ್ತರ, ಬೇರು ಮೂರು ಮೀಟರ್‌ವರೆಗೆ ನೇರ ಕೆಳಕ್ಕೆ. ಕೃಷಿಯಲ್ಲಿರುವ ತಳಿ ಬೀಜದಿಂದ ಹರಡುವುದಿಲ್ಲವಾದ್ದರಿಂದ ಪಕ್ಕದ ಹೊಲದವರೊಡನೆ ಜಗಳವೂ ಇಲ್ಲ.

ಮಳೆ ಹಿಡಿದ ಮೇಲೆ ಬುಡ ಸೀಳಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಒಂದೇ ಸಾಲು ನೆಡಿ. ಮೊದಲ ವರ್ಷ ದನ ಬಿಡಬೇಡಿ. ಸಾಲು ಸಂದಿಯಿಲ್ಲದೆ ಕೂಡಿಕೊಳ್ಳಲು ಎರಡು-ಮೂರು ಮಳೆಗಾಲ ಬೇಕು. ಅಲ್ಲಿಯವರೆಗೆ ಹಳೆಯ ಸೀರೆಯೇ ಗತಿ.